ಕೌಂಟರಿನ ಆಚೆ ಅಣ್ಣಯ್ಯ ನಿಂತಿದ್ದ

ಜಪಾನಿನ ಕೋಬೆಯ ಒಂದು ಕೊಂಬಿನಿಯಲ್ಲಿ, ಅಂದರೆ ಹಗಲೂ ರಾತ್ರಿ ತೆರೆದಿರುವ ಸಣ್ಣ ಅಂಗಡಿಯಲ್ಲಿ, ಇಪ್ಪತ್ತು ವರ್ಷಕ್ಕೂ ಮಿಕ್ಕಿ ಕೌಂಟರಿನ ಹಿಂದೆ ನಿಂತವಳು ನಾನು. ಫೋನಿನ ಮೋಸಗಾರರ ಮಾತು ನಂಬಿ ವಯಸ್ಸಾದವರು ಹಣದ ಕಾರ್ಡು ಕೊಳ್ಳಲು ಬಂದಾಗ ಅವರನ್ನು ತಡೆದು ಒಂದು ಪ್ರಶ್ನೆ ಕೇಳುವುದು ನಮ್ಮ ಕೆಲಸದ ಭಾಗವಾಗಿತ್ತು. ಗುರುತು ಪರಿಚಯವಿಲ್ಲದ ಎಷ್ಟೋ ಅಜ್ಜ ಅಜ್ಜಿಯರಿಗೆ ಆ ಪ್ರಶ್ನೆ ಕೇಳಿದ್ದೇನೆ. ನನ್ನ ಒಡಹುಟ್ಟಿದ ಅಣ್ಣನಿಗೆ ಕೇಳಲಿಲ್ಲ. ಕೇಳಲಿಲ್ಲ ಎಂದರೆ ಅದೂ ಪೂರ್ತಿ ನಿಜವಾಗುವುದಿಲ್ಲ. ಇನ್ನೊಬ್ಬಳು ಕೇಳುತ್ತಿದ್ದಾಗ ನಾನು ನಡುವೆ ಬಂದು ಬೇಡ ಎಂದೆ.

ಈಗ ಬೆಂಗಳೂರು, ಮೈಸೂರು ಕಡೆಯಿಂದ ಇಲ್ಲಿಗೆ ಓದಲು ಬರುವ ಮಕ್ಕಳು ಕೈಖರ್ಚಿಗೆಂದು ಕೊಂಬಿನಿಗಳಲ್ಲಿ ಪಾರ್ಟ್ ಟೈಮ್ ಸೇರುತ್ತಾರೆ. ಈ ಸಲ ಯುಗಾದಿ ಊಟಕ್ಕೆ ಕನ್ನಡದವರು ಕೂಡಿದಾಗ ಅಂಥ ಒಬ್ಬ ಹುಡುಗಿ ನನ್ನ ಪಕ್ಕ ಕುಳಿತು, "ಆಂಟಿ, ಟ್ರೈನಿಂಗಲ್ಲಿ ಹೇಳದೇ ಇರೋದೇನಾದ್ರೂ ಇದ್ರೆ ಹೇಳಿ" ಎಂದಳು. ನಾನು ಕಾಪಿ ಮೆಷಿನ್ನಿಗೆ ಸಿಕ್ಕಿಕೊಳ್ಳುವ ಕಾಗದದ ವಿಷಯ ಹೇಳಿ ಅವಳನ್ನು ನಗಿಸಿ ಕಳಿಸಿದೆ. ಮನೆಗೆ ಬಂದ ಮೇಲೆ ಅವಳಿಗೂ ನಾನು ಸುಳ್ಳು ಹೇಳಿದಂತೆ ಅನ್ನಿಸಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಏಳನೇ ಕ್ಲಾಸಿನವರೆಗೆ ಓದಿದವಳು ನಾನು, ಬರೆದದ್ದು ಹಿಂದುಮುಂದಾಗಬಹುದು. ನಡೆದದ್ದು ಯಾಕೆ ಹಾಗೆ ನಡೆಯಿತು ಎಂಬುದು ನನ್ನ ತಲೆಯೊಳಗೂ ಇನ್ನೂ ಸರಿಯಾಗಿ ಕೂತಿಲ್ಲ.

ನಮ್ಮದು ಭದ್ರಾವತಿ. ಅಪ್ಪ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆಯವರು. ಅಮ್ಮ ತೀರಿಕೊಂಡಾಗ ನಾನಿನ್ನೂ ಚಿಕ್ಕವಳು. ನನಗೆ ಜಡೆ ಹೆಣೆದು ಶಾಲೆಗೆ ಕಳಿಸುತ್ತಿದ್ದವನು ಅಣ್ಣಯ್ಯ. ಅವನು ಅಪ್ಪನ ಜೊತೆಯಲ್ಲೇ ಕೈ ಪಳಗಿಸಿಕೊಂಡು ಮುಂಬಯಿಗೆ ಹೋದ. ಅಲ್ಲಿಂದ ಕೋಬೆಯ ಒಬ್ಬ ಗುಜರಾತಿ ಮುತ್ತಿನ ವ್ಯಾಪಾರಿ ಸೇಠರ ಮನೆಗೆ ಅಡುಗೆಯವನಾಗಿ ಬಂದ. ಆಮೇಲೆ ತನ್ನ ಜೊತೆಗಿದ್ದ ಇನ್ನೊಬ್ಬ ಅಡುಗೆಯವರಿಗೆ ನನ್ನನ್ನು ಮದುವೆ ಮಾಡಿಕೊಟ್ಟು ಇಲ್ಲಿಗೆ ಕರೆಸಿಕೊಂಡ. ನನ್ನ ಯಜಮಾನರು ಹೋದ ಮೇಲೆ ನಾನು ಈ ದೇಶದಲ್ಲೇ ಉಳಿಯುವುದಕ್ಕೆ ಜಾಮೀನು ನಿಂತವನೂ ಅವನೇ. ತಾನು ಮದುವೆಯಾಗಲಿಲ್ಲ. ಯಾರಾದರೂ ಕೇಳಿದರೆ, "ಇಡೀ ಮನೆಗೆ ಬೇಯಿಸಿ ಹಾಕಿ ಸಾಕಾಗಿದೆ, ಇನ್ನೊಬ್ಬಳು ಬಂದ್ರೆ ಅವಳಿಗೂ ನಾನೇ ಬೇಯಿಸ್ಬೇಕು" ಎನ್ನುತ್ತಿದ್ದ.

ಅಂಗಡಿ ಸೇರಿದಾಗ ನನಗೆ ಬರುತ್ತಿದ್ದ ಜಪಾನಿ ಮಾತು ಸ್ವಲ್ಪವೇ. ಬಂದವರನ್ನು ಸ್ವಾಗತಿಸುವುದು, ಅರಿಗಾತೋ ಎಂದು ವಂದಿಸಿ ಕಳಿಸುವುದು, ನಡುವೆ ಎಲ್ಲದಕ್ಕೂ ಸುಮಿಮಾಸೆನ್, ಅಂದರೆ ಕ್ಷಮಿಸಿ, ಎನ್ನುವುದು. ವನಜಾ ಎಂಬ ನನ್ನ ಹೆಸರು ಎದೆಯ ಬಿಲ್ಲೆಯ ಮೇಲೆ ಬನಜಾ ಆಗಿತ್ತು. ಇಲ್ಲಿ ಮರ್ಯಾದೆಗೆ ಹೆಸರಿನ ಕೊನೆಗೆ ಸಾನ್ ಸೇರಿಸುತ್ತಾರೆ; ಒಬ್ಬ ಮುದುಕರು ಕೊನೆಯವರೆಗೂ ನನ್ನನ್ನು ಬನಾನಾ-ಸಾನ್ ಎಂದೇ ಕರೆದರು. ಊಟದ ಡಬ್ಬಿ ಬಿಸಿ ಮಾಡುವುದು, ಕರೆಂಟು ಬಿಲ್ಲು ಕಟ್ಟಿಸಿಕೊಳ್ಳುವುದು, ಪಾರ್ಸೆಲ್ ತೂಗುವುದು, ಶೌಚಾಲಯ ತೊಳೆಯುವುದು ಎಲ್ಲವೂ ನಮ್ಮ ಕೈಯಲ್ಲೇ. ಬಾಗಿಲ ಹತ್ತಿರ ಒಂದು ಸ್ಟ್ಯಾಂಡಿನಲ್ಲಿ ಬಣ್ಣಬಣ್ಣದ ಕಾರ್ಡುಗಳು ನೇತಾಡುತ್ತಿದ್ದವು. ಮಕ್ಕಳು ಫೋನಿನಲ್ಲಿ ಆಟ ಕೊಳ್ಳಲು ಅವನ್ನು ಒಯ್ಯುತ್ತಾರೆ ಎಂದಷ್ಟೇ ನನಗೆ ಗೊತ್ತಿತ್ತು. ಕಾರ್ಡಿನ ಹಿಂದೆ ಕೆರೆದರೆ ಒಂದು ಸಂಖ್ಯೆ ಬರುತ್ತದೆ. ಅದನ್ನು ಯಾರಿಗಾದರೂ ಓದಿ ಹೇಳಿದರೆ ಸಾಕು, ದುಡ್ಡು ಅವರ ಪಾಲು. ಇದು ನನಗೆ ತಿಳಿದದ್ದು ಬಹಳ ತಡವಾಗಿ.

ತಿಳಿಸಿದವರು ಒಬ್ಬ ಮುದುಕರೇ. ಅವರು ಒಂದು ದಿನ ಕೈಯಲ್ಲಿ ಚೀಟಿ ಹಿಡಿದುಕೊಂಡು ಬಂದು ಅಂಥ ಕಾರ್ಡುಗಳನ್ನು ಕೊಂಡರು. ದೊಡ್ಡ ವ್ಯಾಪಾರವಾಯಿತೆಂದು ನನಗೆ ಖುಷಿ. ನಗುನಗುತ್ತಾ ಚೀಲಕ್ಕೆ ಹಾಕಿಕೊಟ್ಟು ಎರಡು ಸಲ ತಲೆ ಬಾಗಿಸಿದೆ. ಕೆಲವು ದಿನದ ಮೇಲೆ ಮತ್ತೆ ಬಂದರು. ಕೆರೆದ ಕಾರ್ಡುಗಳನ್ನು ಕೌಂಟರಿನ ಮೇಲಿಟ್ಟು, ಇದನ್ನು ವಾಪಸು ತೆಗೆದುಕೊಳ್ಳಲು ಆಗುತ್ತದೆಯೇ ಎಂದು ಕೇಳಿದರು. ಆಗುವುದಿಲ್ಲ ಎಂದೆವು. ಅವರು ಕಾರ್ಡುಗಳನ್ನು ಒಟ್ಟುಮಾಡಿಕೊಂಡು, "ತೊಂದರೆ ಕೊಟ್ಟೆ, ಕ್ಷಮಿಸಿ" ಎಂದು ನನಗೇ ತಲೆ ಬಾಗಿಸಿ ಹೋದರು. ಮೋಸ ಹೋದವರು ಕ್ಷಮೆ ಕೇಳಿದರು, ಮಾರಿದವಳು ಸುಮ್ಮನೆ ನಿಂತಿದ್ದಳು. ಅಂದು ಯಾರೂ ನನ್ನನ್ನು ಬಯ್ಯಲಿಲ್ಲ. ಅಂಗಡಿಯ ಮ್ಯಾನೇಜರು ನಿಶಿದಾ-ಸಾನ್. ಅವರು "ಮುಂದಿನ ಸಲ ನೋಡಿಕೊಳ್ಳೋಣ" ಎಂದರು. ಏನು ನೋಡಿಕೊಳ್ಳಬೇಕು ಎಂದು ನನಗೂ ಗೊತ್ತಿರಲಿಲ್ಲ, ಬಹುಶಃ ಅವರಿಗೂ.

ಆಮೇಲೆ ಪದ್ಧತಿಗಳು ಒಂದಾದ ಮೇಲೊಂದು ಬಂದವು. ಮೊದಲು ಸ್ಟ್ಯಾಂಡಿನ ಮೇಲೆ ಕೆಂಪು ಅಕ್ಷರದ ಚೀಟಿ ಅಂಟಿಸಿದರು. ಅದನ್ನು ಓದಿದವರನ್ನು ನಾನು ಕಂಡಿಲ್ಲ. ಆಮೇಲೆ ಎಚ್ಚರಿಕೆ ಬರೆದ ಲಕೋಟೆ ಬಂತು, ಕಾರ್ಡನ್ನು ಅದರಲ್ಲೇ ಹಾಕಿಕೊಡಬೇಕು. ಕೊನೆಗೆ ರಿಜಿಸ್ಟರಿನ ಪರದೆಯೇ ಕೇಳತೊಡಗಿತು: ಫೋನಿನಲ್ಲಿ ಯಾರೋ ಹೇಳಿದ್ದಕ್ಕೆ ಕೊಳ್ಳುತ್ತಿಲ್ಲ ತಾನೇ? ಗಿರಾಕಿ ಗುಂಡಿ ಒತ್ತಿದರೆ ಮುಂದಕ್ಕೆ ಹೋಗುತ್ತದೆ. ಸಿಗರೇಟಿಗೆ ವಯಸ್ಸು ಕೇಳಿದಾಗ ಒತ್ತಿ ಒತ್ತಿ ರೂಢಿಯಾದ ಬೆರಳು; ಇದನ್ನೂ ಹಾಗೆಯೇ ಒತ್ತುತ್ತಾರೆ.

ಒಂದು ಸಲ ಠಾಣೆಯಿಂದ ಇಬ್ಬರು ಬಂದು ನಮಗೆ ಅಭ್ಯಾಸ ಮಾಡಿಸಿದರು. ಎಳೆಯ ಪೊಲೀಸನೊಬ್ಬ ತಲೆಗೆ ವಸ್ತ್ರ ಕಟ್ಟಿ, ಬೆನ್ನು ಬಗ್ಗಿಸಿ, ಅಜ್ಜಿಯಾಗಿ ಬಂದ. ಎಲ್ಲರೂ ನಕ್ಕರು, ನನ್ನ ಜೊತೆ ಕೆಲಸ ಮಾಡುತ್ತಿದ್ದ ಮೋರಿ-ಸಾನ್ ಒಬ್ಬಳನ್ನು ಬಿಟ್ಟು. ನನ್ನದೇ ವಯಸ್ಸಿನವಳು, ನಿಧಾನ, ನಿಷ್ಠುರ. "ಯಾರಿಗೆ ಕೊಳ್ಳುತ್ತಿದ್ದೀರಿ? ಅವರ ಹೆಸರೇನು? ಈಗ ಅವರಿಗೆ ನಾನೇ ಫೋನು ಮಾಡಲೇ?" ಎಂದು ಒಂದೇ ಸಮನೆ ಕೇಳಿದಳು. ಅಜ್ಜಿ ವೇಷದವನು ಮಾತು ಮರೆತು, "ಸುಮಿಮಾಸೆನ್, ನನಗೆ ಅಷ್ಟು ಹೇಳಿಕೊಟ್ಟಿಲ್ಲ" ಎಂದ. ಅಂದಿನಿಂದ ನಾವೆಲ್ಲ ಅವಳನ್ನು ಹಿಂದಿನಿಂದ ಇನ್‌ಸ್ಪೆಕ್ಟರ್ ಎಂದು ಕರೆಯುತ್ತಿದ್ದೆವು. ಅವಳು ನಲವತ್ತು ವರ್ಷದವರನ್ನೂ ಬಿಡುತ್ತಿರಲಿಲ್ಲ. ಇದು ಅತಿಯಾಯಿತು ಎಂದು ನಾನು ನಿಶಿದಾ-ಸಾನ್ ಹತ್ತಿರ ದೂರಿದ್ದೂ ಉಂಟು.

ನನ್ನ ರೀತಿ ಬೇರೆ. ನನ್ನ ಜಪಾನಿ ಮಾತು ಹರಕು, ಅದೇ ನನಗೆ ಅನುಕೂಲವಾಯಿತು. ಹಮಾದಾ-ಸಾನ್ ಎಂಬ ಅಜ್ಜಿ ದಿನಾ ಮೊಸರು ಒಯ್ಯಲು ಬರುತ್ತಿದ್ದರು. ಒಂದು ಮಧ್ಯಾಹ್ನ ಫೋನು ಕಿವಿಗೆ ಒತ್ತಿಕೊಂಡೇ ಬಂದರು, ಮೊಸರಿನ ಕಡೆ ತಿರುಗಲಿಲ್ಲ, ನೇರವಾಗಿ ಕಾರ್ಡಿಗೆ ಕೈ ಹಾಕಿದರು. ನಾನು, "ಅಜ್ಜಿ, ಇದನ್ನು ಹೇಗೆ ಬಳಸುವುದು? ನನಗೂ ಗೊತ್ತಿಲ್ಲ, ನನ್ನ ಅಣ್ಣ ಕೇಳುತ್ತಿದ್ದಾನೆ" ಎಂದು ಸುಳ್ಳು ಹೇಳಿದೆ. ಪಾಪ, ಅವರು ಫೋನು ಕೆಳಗಿಟ್ಟು ನನಗೆ ವಿವರಿಸತೊಡಗಿದರು. ಹಿಂದೆ ಕೆರೆಯಬೇಕು, ಸಂಖ್ಯೆ ಬರುತ್ತದೆ, ಅದನ್ನು ಕಂಪ್ಯೂಟರ್ ರಿಪೇರಿಯವನಿಗೆ ಓದಿ ಹೇಳಬೇಕು. "ಯಾವ ರಿಪೇರಿಯವನು?" ಎಂದೆ. "ಕಂಪ್ಯೂಟರ್ ಕೆಟ್ಟಿದೆ ಎಂದು ಪರದೆಯಲ್ಲಿ ನಂಬರು ಬಂತಲ್ಲ, ಅವನು." "ಅವನು ಮನೆಗೆ ಬಂದಿದ್ದನೇ?" "ಇಲ್ಲ." ಹಾಗೆ ಹೇಳುತ್ತಾ ಹೇಳುತ್ತಾ ಅವರ ದನಿ ತಗ್ಗಿತು. ತಮ್ಮ ಮಾತು ತಮಗೇ ಕೇಳಿಸಿದ ಹಾಗೆ. ಫೋನಿನೊಳಗಿಂದ ಅವನು ಕೂಗುತ್ತಲೇ ಇದ್ದ. ಅವರು ಅದನ್ನು ನನ್ನ ಕೈಗೆ ಕೊಟ್ಟು, "ಬನಜಾ-ಸಾನ್, ಇದನ್ನು ಹೇಗೆ ನಿಲ್ಲಿಸುವುದು?" ಎಂದರು. ಇದಕ್ಕೆ ಠಾಣೆಯವರು ನನಗೊಂದು ಅಭಿನಂದನಾ ಪತ್ರ ಕೊಟ್ಟರು. ನಿಶಿದಾ-ಸಾನ್ ಅದಕ್ಕೆ ಗಾಜು ಹಾಕಿಸಿ ಒಳಗಿನ ಕೋಣೆಯಲ್ಲಿ ನೇತುಹಾಕಿದರು.

ಆದರೆ ನನಗೆ ಗೊತ್ತಾಗಿಬಿಡುತ್ತದೆ ಎಂದುಕೊಳ್ಳುವಂತಿಲ್ಲ. ಅದರ ಮುಂದಿನ ವರ್ಷವೇ ಒಬ್ಬ ಹಿರಿಯರನ್ನು ಹಾಗೆಯೇ ತಡೆದೆ. ಅವರು ನಿಜವಾಗಿಯೂ ಮೊಮ್ಮಗಳ ಹುಟ್ಟುಹಬ್ಬಕ್ಕೆ ಕೊಳ್ಳುತ್ತಿದ್ದರು. "ನನ್ನ ಕೂದಲು ನೋಡಿ ಕೇಳುತ್ತಿದ್ದೀರಿ, ಅಲ್ಲವೇ?" ಎಂದರು. ಸಾಲಿನಲ್ಲಿದ್ದವರೆಲ್ಲ ನೆಲ ನೋಡಿದರು. ನಾನೂ ನಿಶಿದಾ-ಸಾನೂ ಸೊಂಟದವರೆಗೆ ಬಾಗಿದೆವು. ಆಮೇಲೆ ಅವರು ನಮ್ಮ ಅಂಗಡಿಗೆ ಬರಲೇ ಇಲ್ಲ. ಆ ಸಂಜೆ ನಿಶಿದಾ-ಸಾನ್, ಗಿರಾಕಿಯ ಮರ್ಯಾದೆಯನ್ನೂ ನೋಡಬೇಕು ಎಂದರು. ಅವರೇ ಮುಂದಿನ ತಿಂಗಳು, ಯಾರನ್ನೂ ಕೇಳದೆ ಬಿಡಬೇಡಿ ಎಂದರು. ಎರಡೂ ಸರಿ. ಎರಡನ್ನೂ ಒಟ್ಟಿಗೆ ಹೇಗೆ ಮಾಡುವುದು ಎಂದು ನಾನು ಕೆಲಸ ಬಿಡುವವರೆಗೂ ನನಗೆ ತಿಳಿಯಲಿಲ್ಲ.

ಇನ್ನು ಅಣ್ಣಯ್ಯನ ವಿಷಯ.

ಕೆಲಸ ಬಿಟ್ಟ ಮೇಲೆ ಅವನು ಬೆಟ್ಟದ ಇಳಿಜಾರಿನ ಹಳೆಯ ಸರ್ಕಾರಿ ವಸತಿಯಲ್ಲಿ, ನಾಲ್ಕನೇ ಮಹಡಿಯಲ್ಲಿ ಒಬ್ಬನೇ ಇದ್ದ. ಲಿಫ್ಟ್ ಇಲ್ಲ. ಜೀವಮಾನವೆಲ್ಲ ಒಲೆಯ ಮುಂದೆ ನಿಂತ ಮೊಣಕಾಲು ಹಟ ಹಿಡಿದಿತ್ತು. ಕೆಳಗೆ ರೈಲು ನಿಲ್ದಾಣದ ಹತ್ತಿರ ಲಿಫ್ಟ್ ಇರುವ ಒಂದು ಸಣ್ಣ ಮನೆಗೆ ಹೋಗುವುದು ಅವನ ಆಸೆ, ಅದಕ್ಕೆಂದೇ ಕೂಡಿಡುತ್ತಿದ್ದ. ಭಾನುವಾರ ಸಾರು ಪಲ್ಯ ಮಾಡಿ ಡಬ್ಬಿಗೆ ತುಂಬಿ ನನಗೆ ತರುತ್ತಿದ್ದ. ಅಂಗಡಿಗೆ ಬಂದರೆ ಎಲ್ಲರಂತೆ ಸಾಲಿನಲ್ಲಿ ನಿಲ್ಲುತ್ತಿದ್ದ, ತನ್ನ ಸರದಿ ಬಂದಾಗ ಮೆಲ್ಲಗೆ, "ಸಾರಿಗೆ ಇವತ್ತು ಹುಣಿಸೆ ಜಾಸ್ತಿಯಾಗಿದೆ, ನೋಡ್ಕೊಂಡು ಬಡಿಸ್ಕೊ" ಎಂದು ಹೇಳಿ ಹೋಗುತ್ತಿದ್ದ.

ಅಂದು ಬೆಳಿಗ್ಗೆ ಆಫೀಸಿನವರ ಗದ್ದಲ ಮುಗಿದಿತ್ತು. ನಾನು ಫ್ರಿಜ್ಜಿನ ಹಿಂಬದಿಯಲ್ಲಿ ನಿಂತು ಹಾಲು ಜೋಡಿಸುತ್ತಿದ್ದೆ. ಅಲ್ಲಿಂದ ಬಾಟಲಿಗಳ ಸಂದಿಯಲ್ಲಿ ಅಂಗಡಿ ಕಾಣುತ್ತದೆ, ಮಾತು ಕೇಳಿಸುವುದಿಲ್ಲ. ಅಣ್ಣಯ್ಯ ಕೌಂಟರಿನ ಆಚೆ ನಿಂತಿದ್ದ. ಸೇಠರ ಮನೆಯ ಹಬ್ಬಕ್ಕೆ ಹೋಗುವಾಗ ಹಾಕುವ ಇಸ್ತ್ರಿ ಅಂಗಿ. ಈಚೆ ಮೋರಿ-ಸಾನ್ ತಲೆ ಮುಂದಕ್ಕೆ ಚಾಚಿ ಏನೋ ಕೇಳುತ್ತಿದ್ದಳು. ಅವಳು ಹಾಗೆ ತಲೆ ಚಾಚಿದರೆ ಏನು ಕೇಳುತ್ತಿದ್ದಾಳೆ ಎಂದು ನನಗೆ ಗೊತ್ತು. ನನ್ನ ಮುಖಕ್ಕೆ ಬಿಸಿ ಏರಿತು. ಕೈಯಲ್ಲಿದ್ದ ಹಾಲನ್ನು ಅಲ್ಲೇ ಇಟ್ಟು ಹೊರಗೆ ಬಂದೆ.

"...ಅಥವಾ ಯಾರಾದರೂ ಫೋನಿನಲ್ಲಿ ಹೇಳಿದರೇ?" ಎಂದು ಮೋರಿ-ಸಾನ್ ಮುಗಿಸುತ್ತಿದ್ದಳು. ಅಣ್ಣಯ್ಯ ಬಾಯಿ ತೆರೆದಿದ್ದ.

"ಮೋರಿ-ಸಾನ್, ದೈಜೋಬು" ಎಂದೆ. ಪರವಾಗಿಲ್ಲ, ತೊಂದರೆಯಿಲ್ಲ ಎಂದು ಅರ್ಥ. "ಇವರು ನನ್ನ ಅಣ್ಣ."

"ಆದರೂ ಕೇಳುವುದು ನಿಯಮ, ಬನಜಾ-ಸಾನ್."

"ನಾನು ನೋಡಿಕೊಳ್ಳುತ್ತೇನೆ, ನೀವು ಆ ಕಡೆಯ ರಿಜಿಸ್ಟರ್ ತೆಗೆಯಿರಿ."

ಅವಳು ಆ ಕಡೆಗೆ ಸರಿದಳು. ನಾನು ಅವನು ಆರಿಸಿ ತಂದಿದ್ದ ಕಾರ್ಡುಗಳನ್ನು ಕೈಗೆ ತೆಗೆದುಕೊಂಡೆ.

"ತಿಂಡಿ ಆಯ್ತಾ ಅಣ್ಣಯ್ಯ?"

"ಹ್ಞೂಂ."

"ಏನ್ ಮಾಡ್ಕೊಂಡೆ?"

"ಉಪ್ಪಿಟ್ಟು."

ಪರದೆಯ ಮೇಲೆ ಪ್ರಶ್ನೆ ಬಂತು. ಅಣ್ಣಯ್ಯ ಕನ್ನಡಕಕ್ಕೆಂದು ಜೇಬು ತಡಕಿದ. ಮುದುಕನಂತೆ ತಡಕುವುದನ್ನು ಮೋರಿ-ಸಾನ್ ನೋಡುತ್ತಾಳಲ್ಲ ಎಂದು ನಾನೇ ಕೌಂಟರಿನ ಮೇಲೆ ಬಾಗಿ, ಅವನ ಪರವಾಗಿ ಗುಂಡಿ ಒತ್ತಿದೆ.

"ಅಷ್ಟೇನಾ?" ಎಂದ.

"ಅಷ್ಟೇ. ಇನ್ನೇನ್ ಬೇಕು?"

"ಏನಿಲ್ಲ. ನೀವಿಲ್ಲಿ ಇನ್ನೂ ಏನೇನೋ ಕೇಳ್ತೀರಿ ಅಂದ್ಕೊಂಡಿದ್ದೆ."

"ಅದೆಲ್ಲಾ ಬೇರೆಯವರಿಗೆ ಅಣ್ಣಯ್ಯ."

ಅವನು ಲಕೋಟೆ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತೇ ಇದ್ದ. ಹಿಂದೆ ಯಾರೂ ಇರಲಿಲ್ಲ. ಆಮೇಲೆ, "ಬರ್ತೀನಿ" ಎಂದು ಹೋದ.

ನಾನು ಯಾಕೆ ಕೇಳಲಿಲ್ಲ? ಅಂದಿನಿಂದ ಇದನ್ನು ಎಷ್ಟೋ ಸಲ ತಿರುವಿ ಹಾಕಿದ್ದೇನೆ. ಸೇಠರ ಮೊಮ್ಮಕ್ಕಳಿಗೆ ಕೊಳ್ಳುತ್ತಿದ್ದಾನೆ ಎಂದುಕೊಂಡೆ ಎಂದು ಪೊಲೀಸರಿಗೆ ಹೇಳಿದೆ. ನಿಜವಾಗಿ ಹಾಗೆ ಅಂದುಕೊಂಡೆನೋ, ಆಮೇಲೆ ಹೊಳೆದ ಸಬೂಬೋ ಗೊತ್ತಿಲ್ಲ. ಒಮ್ಮೊಮ್ಮೆ ಅನ್ನಿಸುತ್ತದೆ, ಆ ಪ್ರಶ್ನೆ ನನಗೆ ಜಪಾನಿ ಮಾತಿನಲ್ಲೇ ಬರುತ್ತಿತ್ತು, ಅದರ ಹಿಂದೆ ಮುಂದೆ ಇದ್ದ ವಿನಯವೆಲ್ಲ ಅವರದು. ಜಡೆ ಹೆಣೆದ ಕೈಯವನ ಎದುರು ಅದನ್ನು ಕನ್ನಡದಲ್ಲಿ ಕೇಳಿದರೆ 'ನಿನಗೆ ಬುದ್ಧಿ ಕೆಟ್ಟಿದೆಯೇ' ಎಂದ ಹಾಗಾಗುತ್ತಿತ್ತು. ನಮ್ಮ ಮನೆಯಲ್ಲಿ ಅಣ್ಣಯ್ಯನನ್ನು ಯಾಕೆ ಏನು ಎಂದು ಕೇಳಿದವರೇ ಇಲ್ಲ. ಇನ್ನೊಮ್ಮೆ ಅನ್ನಿಸುತ್ತದೆ, ಇದು ಮರ್ಯಾದೆಯೂ ಅಲ್ಲ ಏನೂ ಅಲ್ಲ, ಗೋಡೆಯ ಮೇಲೆ ಗಾಜು ಹಾಕಿಸಿದ ಪತ್ರ ಇರುವವಳ ಅಣ್ಣ ಮೋಸ ಹೋಗುವವನಲ್ಲ ಎಂಬ ಜಂಬ. ಯಾವುದು ಎಂದು ಈಗಲೂ ಹೇಳಲಾರೆ.

ಮುಂದಿನ ಭಾನುವಾರ ಡಬ್ಬಿ ಬರಲಿಲ್ಲ. ಫೋನು ಮಾಡಿದರೆ ಕಾಲು ನೋವು ಎಂದ. ಮಾರನೆಯ ದಿನ ಸೇಠರ ಮಗ ಫೋನು ಮಾಡಿದರು. ಆ ಮನೆಯವರು ಅಡುಗೆಯವರನ್ನು ಮಹಾರಾಜ್ ಎನ್ನುತ್ತಾರೆ. "ವನಜಾಬೆನ್, ಮಹಾರಾಜ್ ಬಂದಿದ್ದಾರೆ. ಇಷ್ಟು ವರ್ಷದಲ್ಲಿ ಸಂಬಳ ಬಿಟ್ಟು ಒಂದು ಪೈಸೆ ಕೇಳಿದವರಲ್ಲ, ಈಗ ಸಾಲ ಕೇಳುತ್ತಿದ್ದಾರೆ. ಯಾಕೆ ಎಂದರೆ ಹೇಳುತ್ತಿಲ್ಲ. ನೀವು ಬನ್ನಿ."

ನಾನು ಹೋಗುವಷ್ಟರಲ್ಲಿ ಸೇಠರ ಮಗ ಅವನ ಬಾಯಿ ಬಿಡಿಸಿದ್ದರು. ಫೋನ್ ಕಂಪನಿಯವನೆಂದು ಹೇಳಿಕೊಂಡು ಒಬ್ಬ ಮಾತಾಡಿದ್ದನಂತೆ. ನೀವು ಫೋನಿನಲ್ಲಿ ಏನೇನೋ ನೋಡಿ ದುಡ್ಡು ಕಟ್ಟಿಲ್ಲ, ಕೋರ್ಟಿಗೆ ದೂರು ಹೋಗುತ್ತದೆ, ಇವತ್ತೇ ಕಾರ್ಡಿನಲ್ಲಿ ಕಟ್ಟಿದರೆ ಪರಿಶೀಲಿಸಿ ಹೆಚ್ಚಿನದೆಲ್ಲ ವಾಪಸು ಕೊಡುತ್ತೇವೆ ಎಂದ. ಅಣ್ಣಯ್ಯ ಫೋನಿನಲ್ಲಿ ನೋಡುತ್ತಿದ್ದದ್ದು ಹಳೆಯ ಕನ್ನಡ ಸಿನಿಮಾ ಹಾಡುಗಳು. ಅವಕ್ಕೇ ದುಡ್ಡು ಕಟ್ಟಬೇಕಿತ್ತೇನೋ ಎಂದುಕೊಂಡ. ನೀವು ವಿದೇಶಿ, ಕುಟುಂಬದವರು ಯಾರಾದರೂ ಇಲ್ಲಿದ್ದಾರೆಯೇ ಎಂದು ಫೋನಿನವನು ಕೇಳಿದ. ತಂಗಿ ಇದ್ದಾಳೆ, ಅವಳಿಗೆ ನಾನೇ ಜಾಮೀನು ಎಂದು ಅಣ್ಣಯ್ಯ ಹೇಳಿಬಿಟ್ಟ. ಹಾಗಾದರೆ ಅವರೂ ಈ ದೇಶ ಬಿಡಬೇಕಾಗುತ್ತದೆ, ಯಾರಿಗೂ ಹೇಳಬೇಡಿ ಎಂದ ಅವನು. ಮೊದಲ ಕಾರ್ಡುಗಳು ನಮ್ಮ ಅಂಗಡಿಯವು. ಆಮೇಲಿನವು ಊರಿನ ಬೇರೆ ಬೇರೆ ಅಂಗಡಿಗಳವು. ಲಿಫ್ಟ್ ಇರುವ ಮನೆಯ ದುಡ್ಡೆಲ್ಲ ಹೋಗಿತ್ತು.

ಅಣ್ಣಯ್ಯ ಅಡುಗೆಮನೆಯ ಸ್ಟೂಲಿನ ಮೇಲೆ ಕೂತಿದ್ದ. ನಾನು ಒಳಗೆ ಹೋದ ಕೂಡಲೇ, "ನಿನಗೇನೂ ಆಗಲ್ವಂತೆ ಕಣೆ, ಸೇಠರ ಮಗ ವಿಚಾರಿಸಿದ್ರು" ಎಂದ.

ಪೊಲೀಸರು ಕ್ಯಾಮೆರಾ ನೋಡಲು ಅಂಗಡಿಗೆ ಬಂದರು. ಒಳಗಿನ ಕೋಣೆಯಲ್ಲಿ ನಿಶಿದಾ-ಸಾನ್, ಮೋರಿ-ಸಾನ್, ನಾನು, ಒಬ್ಬ ಅಧಿಕಾರಿ. ಪರದೆಯಲ್ಲಿ ಮೋರಿ-ಸಾನ್ ತಲೆ ಚಾಚಿದಳು. "ಇಲ್ಲಿ ಸಿಬ್ಬಂದಿ ಕೇಳುತ್ತಿದ್ದಾರೆ, ಒಳ್ಳೆಯದು" ಎಂದು ಅಧಿಕಾರಿ ಬರೆದುಕೊಂಡರು. ಆಮೇಲೆ ಪರದೆಯೊಳಗೆ ನಾನು ಬಂದೆ. ನಗುತ್ತಿದ್ದೆ. ಬಾಗಿ ಗುಂಡಿ ಒತ್ತಿದೆ. ಅಧಿಕಾರಿಯ ಪೆನ್ನು ನಿಂತಿತು. ಅವರು ನನ್ನನ್ನು ನೋಡಿದರು, ಗೋಡೆಯ ಮೇಲಿನ ಪತ್ರ ನೋಡಿದರು, ಮತ್ತೆ ಹಿಂದಕ್ಕೆ ತಿರುಗಿಸಲು ಹೇಳಿದರು. ಎರಡನೆಯ ಸಲವೂ ನಾನು ಹಾಗೆಯೇ ನಗುತ್ತಾ ಬಂದೆ. ಮೋರಿ-ಸಾನ್ ನನ್ನ ಮೇಲೆ ಒಂದು ಮಾತೂ ಆಡಲಿಲ್ಲ. "ನಾನು ಇನ್ನೊಂದು ಸಲ ಕೇಳಬೇಕಿತ್ತು" ಎಂದು ಅವಳೇ ತಲೆ ಬಾಗಿಸಿದಳು. ಬೈದಿದ್ದರೆ ಒಳ್ಳೆಯದಿತ್ತು.

ಅದಾದ ಮೇಲೆ ನಮ್ಮ ಅಂಗಡಿಯಲ್ಲಿ ಒಂದು ಪದ್ಧತಿ ಬಂತು. ಮನೆಯವರೋ ಹತ್ತಿರದವರೋ ಬಂದರೆ ರಿಜಿಸ್ಟರನ್ನು ಇನ್ನೊಬ್ಬರಿಗೆ ಬಿಟ್ಟುಕೊಡಬೇಕು. ಅದಕ್ಕೆ ಯಾರೂ ನನ್ನ ಹೆಸರು ಇಡಲಿಲ್ಲ. ಮಕ್ಕಳೇ, ನೀವು ಸೇರುವ ಅಂಗಡಿಯಲ್ಲಿ ಅದು ಇಲ್ಲದಿದ್ದರೆ ನೀವೇ ಮಾಡಿಕೊಳ್ಳಿ. ಇದೇ ಸರಿ ಎಂದು ಎದೆ ತಟ್ಟಿ ಹೇಳಲಾರೆ. ನಮ್ಮವರನ್ನು ಬೇರೆಯವರು ಕೇಳಲಿ ಎಂದು ಬಿಡುವುದೂ ಒಂದು ಬಗೆಯ ತಪ್ಪಿಸಿಕೊಳ್ಳುವುದೇ ಇರಬಹುದು.

ಕೆಲಸದಲ್ಲಿ ಇನ್ನೂ ಕೆಲವು ಕಾಲ ಮುಂದುವರಿದೆ. ಎಲ್ಲರನ್ನೂ ಕೇಳತೊಡಗಿದೆ, ಮೋರಿ-ಸಾನ್‌ಗಿಂತ ಹೆಚ್ಚಾಗಿ. ಕಾಲೇಜು ಹುಡುಗರನ್ನೂ ಬಿಡಲಿಲ್ಲ. ಒಬ್ಬ ಹುಡುಗ, "ಆಂಟಿ, ನಾನು ನಿಮಗೆ ಅಷ್ಟು ಮುದುಕನಾಗಿ ಕಾಣುತ್ತೇನೆಯೇ?" ಎಂದು ನಕ್ಕ. ಆದರೆ ಕೇಳುವಾಗ ಮೊದಲಿನ ಹಾಗೆ ಅವರ ಮುಖ ನೋಡುತ್ತಿರಲಿಲ್ಲ. ಬಾಯಿಪಾಠದಂತೆ ಕೇಳಿ ಮುಗಿಸುತ್ತಿದ್ದೆ. ಹೀಗಾದ ಮೇಲೆ ಈ ಕೆಲಸದಲ್ಲಿ ಇರಬಾರದು ಎನ್ನಿಸಿ ಬಿಟ್ಟೆ.

ಅಣ್ಣಯ್ಯ ಅಲ್ಲೇ ನಾಲ್ಕನೇ ಮಹಡಿಯಲ್ಲಿ ಉಳಿದ. ವಾರಕ್ಕೆರಡು ಸಲ ನಾನು ತರಕಾರಿ ಒಯ್ಯುತ್ತೇನೆ. ಪ್ರತಿ ಸಲವೂ ಇವತ್ತು ಕ್ಷಮೆ ಕೇಳಿಬಿಡಬೇಕು ಎಂದು ಮೆಟ್ಟಿಲು ಹತ್ತುತ್ತಿದ್ದೆ. ಬಾಗಿಲು ತೆಗೆದು ಅವನು, "ಏದುಸಿರು ಬಿಡ್ತಿದ್ಯಲ್ಲ, ನೀರು ಕುಡಿ" ಎನ್ನುತ್ತಿದ್ದ, ಅಲ್ಲಿಗೆ ಮುಗಿಯುತ್ತಿತ್ತು. ಅಂಗಡಿಯಲ್ಲಿ ದಿನಕ್ಕೆ ಎಷ್ಟು ಸಲ ಕ್ಷಮೆ ಕೇಳುತ್ತಿದ್ದೆನೋ ಲೆಕ್ಕವಿಲ್ಲ. ಚಮಚ ಹಾಕಲು ಮರೆತರೆ ಕೇಳುತ್ತಿದ್ದೆ, ಗಿರಾಕಿಯ ಕೈಯಿಂದ ಚಿಲ್ಲರೆ ಬಿದ್ದರೂ ನಾನೇ ಕೇಳುತ್ತಿದ್ದೆ. ನಮ್ಮ ಮನೆಯಲ್ಲಿ ಹಾಗೆ ಕೇಳಿದ ನೆನಪು ನನಗಿಲ್ಲ. ಜಗಳವಾದರೆ ಮಾರನೆಯ ದಿನ ಒಂದು ಹೋಳಿಗೆ ಹೆಚ್ಚು ಬಡಿಸುತ್ತಾರೆ. ನಾನೂ ತರಕಾರಿಯ ಮೇಲೆ ಒಂದಿಷ್ಟು ಹಣ್ಣು ಇಟ್ಟು ಒಯ್ಯುತ್ತಿದ್ದೆ.

ಯುಗಾದಿಯಾದ ಮೇಲೆ ಒಂದು ದಿನ, ಅಂಗಡಿಯ ಕೆಲಸದ ಬಗ್ಗೆ ಬರೆಯುತ್ತಿದ್ದೇನೆ ಎಂದು ಅವನಿಗೆ ಹೇಳಿದೆ. ಅವನು ಒಲೆಯ ಮುಂದೆ ನಿಂತು ಒಗ್ಗರಣೆಗೆ ಇಡುತ್ತಿದ್ದ.

"ನಂದೂ ಬರೀತೀಯಾ?"

"ಬೇಡ ಅಂದ್ರೆ ಬಿಡ್ತೀನಿ."

"ಬರಿ. ದಡ್ಡ ಅಂತ ಬರೀಬೇಡ, ಅಷ್ಟೇ."

"ಮತ್ತೇನಂತ ಬರೀಲಿ?"

"ನಿಮ್ಮ ಅಂಗಡೀಲಿ ತನ್ನನ್ನ ಯಾರಾದ್ರೂ ಕೇಳಲಿ ಅಂತ ಬಂದಿದ್ದ ಅಂತ ಬರಿ."

ನನಗೆ ಅರ್ಥವಾಗಲಿಲ್ಲ. ಅವನು ಉರಿ ಸಣ್ಣ ಮಾಡಿ ನನ್ನ ಕಡೆ ತಿರುಗಿದ.

"ನಮ್ಮ ಮನೆ ಹತ್ರಾನೇ ಅಂಗಡಿ ಇಲ್ವೇನೆ? ಆ ಕಾಲಲ್ಲಿ ನಿಮ್ಮಲ್ಲಿಗೆ ಯಾಕೆ ಬಂದೆ? ಅವನು ಯಾರಿಗೂ ಹೇಳ್ಬೇಡ ಅಂದಿದ್ದ. ಹೇಳಿದ್ರೆ ನಿನ್ನ ತಲೆ ಮೇಲೆ ಬರುತ್ತೆ ಅಂದಿದ್ದ. ಆದ್ರೆ ಯಾರಾದ್ರೂ ತಾವಾಗೇ ಕೇಳಿದ್ರೆ ಉತ್ತರ ಕೊಡಬಾರದು ಅಂತೇನೂ ಅಂದಿರ್ಲಿಲ್ಲ. ನೀನು ಎಲ್ಲರನ್ನೂ ಕೇಳ್ತೀಯಲ್ಲ, ನನ್ನನ್ನೂ ಕೇಳ್ತೀಯ, ಹೇಳಿಬಿಡ್ತೀನಿ ಅಂದ್ಕೊಂಡೆ. ಆ ಹೆಂಗಸು ಕೇಳಿದ್ಲು. ಸದ್ಯ ಅಂತ ಬಾಯಿ ತೆಗೆದೆ, ಅಷ್ಟರಲ್ಲಿ ನೀನು ಬಂದೆ."

ಸಾಸಿವೆ ಸಿಡಿಯಿತು. ಅವನು ತಟ್ಟೆ ಮುಚ್ಚಿದ.

"ನೀನು ದೈಜೋಬು ಅಂದೆ. ಆಗ ನನಗೆ ನಿಜವಾಗ್ಲೂ ಧೈರ್ಯ ಬಂತು ಕಣೆ. ನಿನಗೆ ಗೊತ್ತಿಲ್ಲದ್ದು ಏನಿದೆ ಇದರಲ್ಲಿ. ಆಮೇಲೆ ಬೇರೆ ಅಂಗಡಿಗಳಲ್ಲೂ ಕೇಳಿದ್ರು, ಒಂದು ಕಡೆಯಂತೂ ಕಾರ್ಡೇ ಕೊಡಲ್ಲ ಅಂದ್ರು. ಅವರಿಗೆಲ್ಲ ನಾನೇ ಸಮಾಧಾನ ಹೇಳ್ದೆ. ನನ್ನ ತಂಗಿ ಇದೇ ಕೆಲಸದಲ್ಲಿದಾಳೆ, ಪೊಲೀಸ್ರು ಅವಳಿಗೆ ಪತ್ರ ಕೊಟ್ಟಿದಾರೆ, ಅವಳು ನೋಡಿ ಪರವಾಗಿಲ್ಲ ಅಂದಿದಾಳೆ ಅಂತ. ಕೊಟ್ಟರು."

ಇದನ್ನು ಅವನು ದೂರುವವನಂತೆ ಹೇಳಲಿಲ್ಲ. ಮಾರುಕಟ್ಟೆಯಲ್ಲಿ ಬದನೆಕಾಯಿ ಆರಿಸಿದ ಕತೆ ಹೇಳುವಂತೆ ಹೇಳಿದ. ಒಂದು ಅಂಗಡಿಯಲ್ಲಿ ಕೇಳದೆ ಬಿಟ್ಟೆ ಎಂದು ಇಷ್ಟು ದಿನ ಕೊರಗಿದ್ದೆ. ಅವನನ್ನು ತಡೆಯಲು ನಿಂತಿದ್ದ ಊರಿನ ಅಂಗಡಿಗಳನ್ನೆಲ್ಲ ದಾಟಿಸಿ ಕಳಿಸಿದ್ದೂ ನಾನೇ ಎಂದು ಆ ದಿನದವರೆಗೂ ನನಗೆ ಗೊತ್ತಿರಲಿಲ್ಲ.

"ಇಷ್ಟು ದಿನ ಯಾಕೆ ಹೇಳ್ಲಿಲ್ಲ ಅಣ್ಣಯ್ಯ?"

"ನಿನಗೆ ನೋವಾಗುತ್ತೆ ಅಂತ. ಹೋಗ್ಲಿ ಬಿಡು, ತಟ್ಟೆ ಹಾಕು."

ನಾನು ತಟ್ಟೆ ಹಾಕಲಿಲ್ಲ. ಒಲೆಯ ಹತ್ತಿರ ಹೋಗಿ, ಚಿಕ್ಕವಳಿದ್ದಾಗ ಹಬ್ಬದ ದಿನ ಮಾಡುತ್ತಿದ್ದಂತೆ ಬಗ್ಗಿ ಅವನ ಕಾಲು ಮುಟ್ಟಿದೆ. ಊದಿಕೊಂಡ ಮೊಣಕಾಲು ನನ್ನ ಹಣೆಗೆ ತಾಗಿತು. "ಏಯ್, ಏನಿದು, ಏಳು" ಎನ್ನುತ್ತಾ ಅವನು ಸೌಟು ಹಿಡಿದ ಕೈಯನ್ನು ದೂರ ಮಾಡಿಕೊಂಡ. ನಾನು ಏಳದೆಯೇ ಹೇಳಿದೆ:

"ತಪ್ಪಾಯ್ತು ಅಣ್ಣಯ್ಯ. ನಿನ್ನನ್ನ ಕೇಳ್ಬೇಕಾಗಿತ್ತು, ನಾನು ಕೇಳ್ಲಿಲ್ಲ. ಕೇಳ್ತಿದ್ದವಳನ್ನೂ ಸುಮ್ಮನಾಗಿಸಿದೆ. ನೀನು ನಂಬಿದ್ದು ಅವನನ್ನಲ್ಲ, ನನ್ನನ್ನ. ತಪ್ಪು ನಂದು. ನನ್ನನ್ನ ಕ್ಷಮಿಸು."